ಕಥೆಯ ನಡುವಣ ಬಿಡುವು

ಸಂಜೆ ಏಳೂವರೆಯ ಮೇಲೆ ಮೈಸೂರಿನ ವಿಜಯನಗರ ಎರಡನೆಯ ಹಂತದ ಯಾವುದಾದರೊಂದು ಅಡ್ಡರಸ್ತೆಯಲ್ಲಿ ಕಾಲಾಡಿಸಲು ಹೊರಟರೆ ಒಂದು ವಿನೋದವನ್ನು ಕಾಣಬಹುದು. ಒಂದು ಮನೆಯ ಕಿಟಕಿಯಲ್ಲಿ ಕೇಳಿದ ಅತ್ತೆ ಸೊಸೆಯರ ವಾಗ್ವಾದದ ಉಳಿದ ಭಾಗ ಮುಂದಿನ ಮನೆಯ ಕಿಟಕಿಯಲ್ಲಿ ಕೇಳಿಸುತ್ತದೆ. ಸೊಸೆ ಬಾಗಿಲು ತೆರೆಯುತ್ತಾಳೆ. ಎದುರಿಗೆ ನಿಂತವರು ಯಾರೆಂದು ತಿಳಿಯುವಷ್ಟರಲ್ಲಿ ಸೋಪಿನ ಹಾಡು! ಒಡನೆಯೇ ಮನೆಮನೆಯ ಅಡಿಗೆಕೋಣೆಗಳಲ್ಲಿ ದೀಪ ಹತ್ತುತ್ತದೆ.

ಈ ಬಿಡುವು ಅದೇ ಗಳಿಗೆಗೆ ಬಂದುದು ಆಕಸ್ಮಿಕವಲ್ಲ. ಕುತೂಹಲ ತುದಿಮುಟ್ಟಿದಾಗ ಕಥೆಯನ್ನು ನಿಲ್ಲಿಸುವ ವಿದ್ಯೆ ವಾರಪತ್ರಿಕೆಯ ಧಾರಾವಾಹಿಗಳಿಗೂ ಬಲ್ಲದ್ದೇ. ಆದರೆ ಪತ್ರಿಕೆಯಲ್ಲಿ ಕಾಯಬೇಕಾದದ್ದು ಒಂದು ವಾರ, ಇಲ್ಲಿ ಕೆಲವೇ ನಿಮಿಷ. ಆ ನಿಮಿಷಗಳನ್ನೇ ವ್ಯಾಪಾರಿಗಳಿಗೆ ಮಾರಲಾಗಿದೆ.

ನಮ್ಮ ದೂರದರ್ಶನದಲ್ಲಿ ಜಾಹೀರಾತು ಕಾಲಿಟ್ಟುದು 1976ರ ಜನವರಿ 1ರಂದು. ಮೈಸೂರಿನ ಆರ್. ಕೆ. ನಾರಾಯಣರ ಕಥೆಗಳನ್ನು ಶಂಕರನಾಗ್ ಅವರು ತೆರೆಗೆ ತಂದ ಕಾಲದಲ್ಲಿ ಪ್ರಾಯೋಜಕರು ಸಾಮಾನ್ಯವಾಗಿ ಕಥೆಯ ಆಚೀಚೆ ನಿಲ್ಲುತ್ತಿದ್ದರು. 1994ರಲ್ಲಿ ಉದಯ ಟಿವಿ ಬಂದು, ಬೆನ್ನಿಗೇ ಬೇರೆ ವಾಹಿನಿಗಳೂ ಬಂದ ಮೇಲೆ, ಕಥೆಯನ್ನು ನಡುನಡುವೆ ತುಂಡರಿಸುವುದು ವಾಡಿಕೆಯಾಯಿತು. ಬ್ರಿಟನ್ನಿನಲ್ಲಿ 1955ರಲ್ಲಿ ಖಾಸಗಿ ದೂರದರ್ಶನ ಆರಂಭವಾಗುವ ಮೊದಲೇ, ಕಥೆಯ ನಡುವಣ ಜಾಹೀರಾತು ‘ಸಹಜ ವಿರಾಮ’ದಲ್ಲಿ ಮಾತ್ರ ಬರಬೇಕೆಂದು ಕಾನೂನು ಮಾಡಿದ್ದರು. ಆದರೆ ಯಾವ ವಿರಾಮ ಸಹಜವೆಂದು ಹೇಳಬೇಕಾದವರು ಯಾರು? ಕಥೆ ಬರೆಯುವವನೇ ಬೇಕಾದಲ್ಲಿ ವಿರಾಮವನ್ನು ಸೃಷ್ಟಿಸಬಲ್ಲನಷ್ಟೆ!

ಬೇಸರಗೊಂಡು ಬೇರೆ ವಾಹಿನಿಗೆ ತಿರುಗಿಸಿದರೆ ಅಲ್ಲಿಯೂ ಜಾಹೀರಾತೇ ಎದುರಾಗುವುದುಂಟು. ಧಾರಾವಾಹಿಗಳೆಲ್ಲ ಗಂಟೆಗೋ ಅರ್ಧಗಂಟೆಗೋ ತೊಡಗುತ್ತವೆ. ಆರಂಭದಲ್ಲೇ ಬಿಡುವು ಕೊಟ್ಟರೆ ನೋಡುವವನು ನೆಲೆಯೂರುವುದಿಲ್ಲ. ಕಥೆ ಮುಗಿದ ಮೇಲೆ ಕೊಟ್ಟರೆ ಎದ್ದೇ ಹೋಗುತ್ತಾನೆ. ಆದುದರಿಂದ ಎಲ್ಲರ ಲೆಕ್ಕವೂ ನಡುವಿನ ಅವವೇ ನಿಮಿಷಗಳಿಗೆ ಬಂದು ನಿಲ್ಲುತ್ತದೆ. ಎಲ್ಲರೂ ಒಟ್ಟಿಗೆ ನಿಲ್ಲಿಸಿದರೆ ಓಡಿಹೋಗುವ ಪ್ರೇಕ್ಷಕನಿಗೆ ಆಶ್ರಯವೆಲ್ಲಿ?

1994ರ ಕೇಬಲ್ ನಿಯಮಗಳಿಗೆ ಆಮೇಲೆ ಸೇರಿದ ಒಂದು ವಿಧಿಯು ಗಂಟೆಗೆ 12 ನಿಮಿಷಗಳ ಮಿತಿ ಹಾಕಿತು: ಸರಕಿನ ಜಾಹೀರಾತಿಗೆ 10, ವಾಹಿನಿಯ ಸ್ವಂತ ಪ್ರಚಾರಕ್ಕೆ 2. ಟ್ರಾಯ್ ಸಂಸ್ಥೆ 2013ರಲ್ಲಿ ಇದನ್ನು ಬಿಗಿಯಾಗಿ ಜಾರಿಗೆ ತರಹೊರಟಾಗ ವಾಹಿನಿಗಳವರು ದೆಹಲಿಯ ಉಚ್ಚ ನ್ಯಾಯಾಲಯಕ್ಕೆ ಹೋದರು. ಮಿತಿಯೊಳಗೇ ಇದ್ದರೂ, ದಿನಕ್ಕೆ ಮೂರು ಗಂಟೆ ನೋಡುವ ಮನೆಗೆ 36 ನಿಮಿಷ. ವರ್ಷಕ್ಕೆ 219 ಗಂಟೆ, ಎಂದರೆ ಹಗಲಿರುಳು ಸೇರಿ ಒಂಬತ್ತು ದಿನಗಳಿಗೂ ಮಿಗಿಲು!

ಇದು ಬರಿಯ ಲೆಕ್ಕವಲ್ಲವೆಂದು ನನಗೆ ತಿಳಿದುದು ವಿಜಯನಗರದ ಬಂಧುಗಳೊಬ್ಬರ ಮನೆಯಲ್ಲಿ. ಧಾರಾವಾಹಿ ನಡೆಯುತ್ತಿದ್ದಾಗ ಆ ಮನೆಯ ಅಜ್ಜಿ ಏನೋ ಹೇಳಹೋದರು. “ಸ್ವಲ್ಪ ಇರಜ್ಜಿ, ಅಡ್ವರ್ಟೈಸ್‌ಮೆಂಟ್ ಬರಲಿ” ಎಂದ ಮೊಮ್ಮಗ. ಜಾಹೀರಾತು ಬಂದಿತು. ಸೊಸೆ ಒಲೆಯ ಮೇಲಿನ ಸಾರು ನೋಡಲು ಎದ್ದಳು. ಮಗ ಗೇಟಿಗೆ ಬೀಗ ಹಾಕಲು ಹೋದ. ಹುಡುಗ ಮೊಬೈಲಿಗೆ ಕಣ್ಣು ನೆಟ್ಟ. ಬಿಡುವು ಇತ್ತು, ಕೇಳುವವರಿರಲಿಲ್ಲ. ಎಲ್ಲರೂ ಮರಳುವ ಹೊತ್ತಿಗೆ ಕಥೆ ಮತ್ತೆ ತೊಡಗಿತ್ತು. “ಏನಿಲ್ಲ ಬಿಡಪ್ಪ” ಎಂದರು ಅಜ್ಜಿ. ಅವರ ರಕ್ತದೊತ್ತಡದ ಮಾತ್ರೆ ಮುಗಿದು ಎರಡು ದಿನವಾಗಿತ್ತೆಂಬುದು ಮನೆಯವರಿಗೆ ಗೊತ್ತಾದುದು ಮರುದಿನ ಬೆಳಿಗ್ಗೆ, ಅವರು ತಲೆಸುತ್ತಿ ಗೋಡೆ ಹಿಡಿದು ಕುಳಿತಾಗ.

ದೇವರ ದಯೆ, ಅಜ್ಜಿ ಸುಧಾರಿಸಿಕೊಂಡರು. ಈಗ ಆ ಮನೆಯಲ್ಲೊಂದು ಹೊಸ ಪದ್ಧತಿ. ಜಾಹೀರಾತು ಬಂದೊಡನೆ ಮೊಮ್ಮಗ ಧ್ವನಿಯನ್ನು ಪೂರ್ತಿ ಅಡಗಿಸಿ ಅಜ್ಜಿಯ ಪಕ್ಕಕ್ಕೆ ಸರಿದು ಕೂರುತ್ತಾನೆ. ಕೆಲವು ಸಲ ಕಥೆ ಮತ್ತೆ ಆರಂಭವಾದರೂ ಧ್ವನಿ ಮರಳುವುದಿಲ್ಲವಂತೆ. ಅಜ್ಜಿಯ ಮಾತು ಇನ್ನೂ ಮುಗಿದಿರುವುದಿಲ್ಲ.