ಗಣಕಯಂತ್ರದ ಡಿಸ್ಕ್ ತಪಾಸಣೆಯೂ ವರ್ತಕರ ಲೆಕ್ಕಪತ್ರವೂ

ಕಿರ್ದಿ, ಖತಾವಣಿಗಳು ಅಂಗಡಿಯ ಗಲ್ಲೆಯ ಪಕ್ಕದಿಂದ ಮರೆಯಾಗಿ ಗಣಕಯಂತ್ರದೊಳಗೆ ಸೇರಿ ವರ್ಷಗಳೇ ಸಂದಿವೆ. ಕುಮಟಾ ತಾಲ್ಲೂಕಿನ ಸಂತೆಗುಳಿಯಿಂದ ಹಿಡಿದು ಹೊನ್ನಾವರ, ಭಟ್ಕಳದ ಪೇಟೆಗಳವರೆಗೆ ಅಡಿಕೆ, ಗೇರುಬೀಜ, ಕಿರಾಣಿ, ಸಿಮೆಂಟು ವ್ಯಾಪಾರದ ಬಿಲ್ಲುಗಳು ಇಂದು ಅದರಿಂದಲೇ ಹೊರಬರುತ್ತವೆ. ಬೆಳಗ್ಗೆ ಯಂತ್ರವನ್ನು ಚಾಲೂ ಮಾಡಿದೊಡನೆ, ವಿಂಡೋಸ್ ತೆರೆದುಕೊಳ್ಳುವ ಮೊದಲೇ, ಡಿಸ್ಕನ್ನು ಪರೀಕ್ಷಿಸಬೇಕಾಗಿದೆ ಎಂಬ ಸೂಚನೆ ಪರದೆಯ ಮೇಲೆ ಮೂಡುವುದು ಅನೇಕ ವರ್ತಕರಿಗೆ ಪರಿಚಿತ ಸಂಗತಿ. ಯಾವುದಾದರೊಂದು ಕೀಲಿಯನ್ನು ಒತ್ತಿದರೆ ಪರೀಕ್ಷೆಯನ್ನು ತಪ್ಪಿಸಬಹುದೆಂದೂ ಅಲ್ಲಿಯೇ ಬರೆದಿರುತ್ತದೆ. ಗಿರಾಕಿಗಳು ಕಾದಿರುವಾಗ ಗುಮಾಸ್ತರು ಕೀಲಿ ಒತ್ತಿ ಮುಂದೆ ಸಾಗುತ್ತಾರೆ. ಮರುದಿನವೂ ಅದೇ ಸೂಚನೆ, ಅದೇ ಪರಿಹಾರ.

ಈ ಸೂಚನೆ ಒಮ್ಮೆ ಬಂದು ಹೋದರೆ ಚಿಂತಿಸಬೇಕಾದುದಿಲ್ಲ. ವಾರವಿಡೀ ಮರುಕಳಿಸಿದರೆ ಅದು ಬೇರೆಯೇ ಮಾತು. ಡಿಸ್ಕಿನ ಕಡತ ವ್ಯವಸ್ಥೆಯಲ್ಲಿ ಅಸಂಗತತೆ ಕಂಡುಬಂದಾಗ ವಿಂಡೋಸ್ ಆ ವಿಭಾಗದ ಮೇಲೆ ಒಂದು ಗುರುತನ್ನು ಹಾಕಿಡುತ್ತದೆ. ತಂತ್ರಜ್ಞರ ಭಾಷೆಯಲ್ಲಿ ಇದು ‘ಡರ್ಟಿ ಬಿಟ್’. ಮುಂದಿನ ಬಾರಿ ಯಂತ್ರ ಆರಂಭವಾದಾಗ ಆ ಗುರುತನ್ನು ಕಂಡು ತಪಾಸಣೆ ನಡೆಯುತ್ತದೆ. ದೋಷ ಸರಿಹೋದರೆ ಗುರುತು ಅಳಿಯುತ್ತದೆ. ಆದುದರಿಂದ ಪ್ರತಿದಿನ ಸೂಚನೆ ಬರುತ್ತಿದೆ ಎಂದರೆ, ತಪಾಸಣೆ ಒಮ್ಮೆಯೂ ಪೂರ್ತಿಯಾಗಿಲ್ಲ ಅಥವಾ ಪೂರ್ತಿಯಾದ ಮೇಲೆಯೂ ಹೊಸ ದೋಷ ಉತ್ಪನ್ನವಾಗುತ್ತಿದೆ ಎಂದೇ ತಿಳಿಯತಕ್ಕದ್ದು.

ವಿದ್ಯುತ್ತಿನ ಮೇಲಿನ ಆರೋಪ

ಕರಾವಳಿಯ ಮಳೆಗಾಲದಲ್ಲಿ ತಂತಿಗಳ ಮೇಲೆ ಮರ ಬಿದ್ದು ವಿದ್ಯುತ್ ಕಡಿತವಾಗುವುದು ಹೊಸತಲ್ಲ. ಹೀಗಾಗಿ ಗಣಕಯಂತ್ರದ ಎಲ್ಲ ರೋಗಗಳಿಗೂ ಕರೆಂಟೇ ಕಾರಣವೆಂದು ಹೇಳುವುದು ವಾಡಿಕೆಯಾಗಿಬಿಟ್ಟಿದೆ. ಇದು ಅರ್ಧಸತ್ಯ. ವಿಂಡೋಸ್ 98ರ ಕಾಲದಲ್ಲಿ ಯಂತ್ರ ಥಟ್ಟನೆ ನಿಂತರೆ ಮರು ಆರಂಭದಲ್ಲಿ ಸ್ಕ್ಯಾನ್‌ಡಿಸ್ಕ್ ನಡೆಯುತ್ತಿದ್ದುದು ನಿಜ. ಆದರೆ ಈಗಿನ ಯಂತ್ರಗಳಲ್ಲಿರುವ ಎನ್‌ಟಿಎಫ್‌ಎಸ್ ವ್ಯವಸ್ಥೆಯು ತಾನು ಮಾಡಹೊರಟ ಬದಲಾವಣೆಗಳನ್ನು ಮೊದಲು ಒಂದು ದಾಖಲೆಯಲ್ಲಿ ಬರೆದುಕೊಳ್ಳುತ್ತದೆ. ಕರೆಂಟು ಹೋಗಿ ಬಂದಾಗ ಆ ದಾಖಲೆಯನ್ನು ನೋಡಿ ಬಹುಮಟ್ಟಿಗೆ ತಾನೇ ಸರಿಪಡಿಸಿಕೊಳ್ಳುತ್ತದೆ. ಆದಕಾರಣ ಕರೆಂಟು ಹೋಗದ ದಿನಗಳಲ್ಲಿಯೂ ಸೂಚನೆ ಬರುತ್ತಿದ್ದರೆ ಕಾರಣವನ್ನು ಯಂತ್ರದೊಳಗೇ ಹುಡುಕಬೇಕು.

ಇಲ್ಲಿ ಲೆಕ್ಕಪತ್ರಕ್ಕೆ ಸಂಬಂಧಿಸಿದ ಒಂದು ಸೂಕ್ಷ್ಮವಿದೆ. ಎನ್‌ಟಿಎಫ್‌ಎಸ್ ಕಾಯುವುದು ಕಡತಗಳ ವ್ಯವಸ್ಥೆಯನ್ನೇ ಹೊರತು ಕಡತದೊಳಗಿನ ಬರಹವನ್ನಲ್ಲ. ತಪಾಸಣೆಯ ಕೊನೆಯಲ್ಲಿ ‘ಯಾವ ತೊಂದರೆಯೂ ಇಲ್ಲ’ ಎಂದು ಬಂದರೂ, ಅರ್ಧ ಬರೆಯುವಾಗ ನಿಂತುಹೋದ ವೋಚರ್ ಒಳಗೆ ಕೆಟ್ಟಿರಬಹುದು. ಟ್ಯಾಲಿ ಇಆರ್‌ಪಿ 9ರಲ್ಲಿ ‘ರೀರೈಟ್’, ಟ್ಯಾಲಿಪ್ರೈಮ್‌ನಲ್ಲಿ ‘ರಿಪೇರ್’ ಎಂಬ ಸೌಲಭ್ಯಗಳು ಇರುವುದು ಇದಕ್ಕಾಗಿಯೇ. ಇವನ್ನು ಬಳಸುವ ಮುನ್ನ ಪ್ರತಿ ತೆಗೆದಿಡುವುದು ಕಡ್ಡಾಯ. ಬಳಸಿದ ನಂತರ ರೊಕ್ಕದ ಶಿಲ್ಕು ಮತ್ತು ದಾಸ್ತಾನನ್ನು ತಾಳೆ ನೋಡಬೇಕು.

ಸಂಜೆ ಅಂಗಡಿ ಮುಚ್ಚುವ ಅವಸರವೂ ಒಂದು ಕಾರಣ. ಪರದೆ ಕಪ್ಪಾದ ಕ್ಷಣವೇ ಮೇನ್ ಸ್ವಿಚ್ ಆರಿಸುವ ರೂಢಿ ಹಲವೆಡೆ ಇದೆ. ಪರದೆ ಆರಿದ ನಂತರವೂ ಡಿಸ್ಕಿನ ಬರಹ ಕೆಲ ಕ್ಷಣ ನಡೆಯುತ್ತಿರಬಹುದು. ಪೆಟ್ಟಿಗೆಯ ದೀಪ ಆರುವವರೆಗೆ ಕಾಯುವುದಕ್ಕೆ ಖರ್ಚೇನೂ ಇಲ್ಲ.

ಪರಿಶೀಲನೆಯ ಕ್ರಮ

ಮೊಟ್ಟಮೊದಲು ಲೆಕ್ಕಪತ್ರದ ಪ್ರತಿಯನ್ನು ಹೊರಗಿನ ಡಿಸ್ಕಿಗೆ ತೆಗೆಯಬೇಕು. ತಪಾಸಣೆ ಏನಿದ್ದರೂ ಆಮೇಲೆ. ಈ ಕ್ರಮವನ್ನು ತಿರುವುಮುರುವು ಮಾಡಿ ನಷ್ಟ ಅನುಭವಿಸುವವರೇ ಹೆಚ್ಚು. ಸವೆದ ಡಿಸ್ಕಿನ ಮೂಲೆಮೂಲೆಯನ್ನೂ ಓದಿಸುವ ದೀರ್ಘ ತಪಾಸಣೆ ಅದರ ಕೊನೆಯ ಕೆಲಸವೂ ಆಗಬಹುದು. ಇದಲ್ಲದೆ ತಪಾಸಣೆಯು ತನಗೆ ಅರ್ಥವಾಗದ ತುಣುಕುಗಳನ್ನು ಮೂಲ ಕಡತದಿಂದ ಬೇರ್ಪಡಿಸಿ ‘ಫೌಂಡ್’ ಎಂಬ ಹೆಸರಿನ ಫೋಲ್ಡರಿನಲ್ಲಿ ತುಂಬಿಸುತ್ತದೆ. ಅವುಗಳಿಂದ ಖತಾವಣಿಯನ್ನು ಮರಳಿ ಕಟ್ಟುವುದು ಬಹುತೇಕ ಅಸಾಧ್ಯ.

ಪ್ರತಿ ತೆಗೆದ ಬಳಿಕ ತಪಾಸಣೆ ಪೂರ್ತಿಯಾಗಲು ಬಿಡಬೇಕು. ದೊಡ್ಡ ಡಿಸ್ಕಾದರೆ ಗಂಟೆಗಳೇ ಹಿಡಿಯಬಹುದಾದ್ದರಿಂದ ರಜೆಯ ದಿನವೇ ಲೇಸು. ಸೂಚನೆಯಲ್ಲಿ ಕಾಣುವ ವಿಭಾಗದ ಅಕ್ಷರವನ್ನೂ ಗಮನಿಸತಕ್ಕದ್ದು. ಅದು ‘ಸಿ’ ಅಲ್ಲದೆ ಬೇರೆಯಾಗಿದ್ದು, ಸದಾ ಸಿಕ್ಕಿಸಿಟ್ಟ ಪೆನ್‌ಡ್ರೈವ್ ಅಥವಾ ಹೊರಗಿನ ಡಿಸ್ಕಿನದಾಗಿದ್ದರೆ, ಹೇಳಿಕೇಳದೆ ಅದನ್ನು ಕಿತ್ತೆಳೆಯುವ ಅಭ್ಯಾಸವೇ ದೋಷಿ.

ತಪಾಸಣೆಯ ವರದಿ ಕಣ್ಣೆದುರು ಹಾದುಹೋದರೂ ಕಳೆದುಹೋಗುವುದಿಲ್ಲ. ವಿಂಡೋಸ್‌ನ ‘ಈವೆಂಟ್ ವ್ಯೂವರ್’ನಲ್ಲಿ ‘ಅಪ್ಲಿಕೇಶನ್’ ವಿಭಾಗದಲ್ಲಿ, ‘ವಿನ್‌ಇನಿಟ್’ ಎಂಬ ಮೂಲದ ಹೆಸರಿನಲ್ಲಿ, 1001 ಸಂಖ್ಯೆಯೊಂದಿಗೆ ಅದು ದಾಖಲಾಗಿರುತ್ತದೆ. ಅದರಲ್ಲಿ ‘ಬ್ಯಾಡ್ ಸೆಕ್ಟರ್’ಗಳ ಪ್ರಮಾಣವನ್ನು ಹೇಳುವ ಸಾಲು ಮುಖ್ಯ. ಅಲ್ಲಿ ಸೊನ್ನೆಯಿದ್ದರೆ ಸಮಾಧಾನ. ಬೇರೆ ಅಂಕಿಯಿದ್ದು ಪ್ರತಿ ಬಾರಿಯೂ ಏರುತ್ತಿದ್ದರೆ ಡಿಸ್ಕನ್ನು ಬದಲಿಸಬೇಕು. ದುರಸ್ತಿಯ ಮಾತು ಬೇಡ.

ಡಿಸ್ಕು ತನ್ನ ಆರೋಗ್ಯದ ಲೆಕ್ಕವನ್ನು ‘ಸ್ಮಾರ್ಟ್’ ಎಂಬ ವ್ಯವಸ್ಥೆಯಲ್ಲಿ ತಾನೇ ಬರೆದಿಡುತ್ತದೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋದಂತಹ ಉಚಿತ ತಂತ್ರಾಂಶದಿಂದ ಅದನ್ನು ಓದಬಹುದು. ಸ್ಥಳಾಂತರಗೊಂಡ ಮತ್ತು ಓದಲಾಗದೆ ಬಾಕಿ ಉಳಿದ ಸೆಕ್ಟರ್‌ಗಳ ಸಂಖ್ಯೆ ಏರಿದರೆ ಡಿಸ್ಕೇ ಕೆಡುತ್ತಿದೆ ಎಂದರ್ಥ. ಅವೆರಡೂ ಸೊನ್ನೆಯಿದ್ದು ‘ಸಿಆರ್‌ಸಿ’ ದೋಷಗಳ ಸಂಖ್ಯೆ ಮಾತ್ರ ಏರುತ್ತಿದ್ದರೆ ಸಂಶಯ ಕೇಬಲ್ಲಿನ ಮೇಲೆ. ಸಮುದ್ರದ ಉಪ್ಪುಗಾಳಿ, ಮಳೆಗಾಲದ ತೇವ ಇರುವ ಈ ಭಾಗದಲ್ಲಿ ಲೋಹದ ಸಂಪರ್ಕಗಳು ಬೇಗನೆ ಕಿಲುಬು ಹಿಡಿಯುತ್ತವೆ. ಹೊಸ ಡಿಸ್ಕು ಕೊಳ್ಳುವ ಮೊದಲು ಕೇಬಲ್ ಬದಲಿಸಿ ನೋಡುವುದು ವ್ಯಾಪಾರಿ ಬುದ್ಧಿಗೆ ಒಪ್ಪುವ ಮಾತು. ಇವೆಲ್ಲ ಸರಿಯಿದ್ದರೆ ವಿಂಡೋಸ್‌ನಲ್ಲಿಯೇ ಇರುವ ಮೆಮೊರಿ ಪರೀಕ್ಷೆಯನ್ನೂ ನಡೆಸಬೇಕು.

ಆರಂಭದ ತಪಾಸಣೆಯನ್ನೇ ನಿಲ್ಲಿಸುವ ಆಜ್ಞೆಯೂ ವಿಂಡೋಸ್‌ನಲ್ಲಿದೆ. ಕೆಲ ದುರಸ್ತಿಗಾರರು ಅದನ್ನು ಕೊಟ್ಟು ‘ಸರಿಯಾಯಿತು’ ಎಂದು ಹಣ ಪಡೆದು ಹೋಗುವುದುಂಟು. ಸೂಚನೆ ಮಾಯವಾಗುತ್ತದೆ, ದೋಷ ಇದ್ದಲ್ಲಿಯೇ ಇರುತ್ತದೆ. ಏನು ಮಾಡಿದಿರಿ ಎಂದು ಕೇಳುವ ಹಕ್ಕು ಹಣ ಕೊಟ್ಟ ವರ್ತಕರಿಗಿದೆ.

ಪೋರ್ಟಲಿನಲ್ಲಿ ಸಿಗದ ಲೆಕ್ಕ

ಜಿಎಸ್‌ಟಿ ಪೋರ್ಟಲಿನಲ್ಲಿ ಎಲ್ಲವೂ ಇದೆಯಲ್ಲ ಎಂಬ ಧೈರ್ಯ ಹಲವರಿಗಿದೆ. ನೋಂದಾಯಿತರ ನಡುವಣ ಬಿಲ್ಲುಗಳು ಅಲ್ಲಿ ಸಿಗಬಹುದು. ಆದರೆ ನೋಂದಣಿಯಿಲ್ಲದ ಬೆಳೆಗಾರರಿಂದ ಕೊಂಡ ಅಡಿಕೆಯ ವಿವರ ಜಿಎಸ್‌ಟಿಆರ್-2ಬಿಯಲ್ಲಿ ಬರುವುದಿಲ್ಲ. ಬೆಳೆಗಾರರಿಗೆ ಕೊಟ್ಟ ಮುಂಗಡ, ತೂಕ, ದರ್ಜೆ, ಬಾಕಿ ಇವು ವರ್ತಕರ ಯಂತ್ರದಲ್ಲಲ್ಲದೆ ಬೇರೆಲ್ಲಿಯೂ ಇರುವುದಿಲ್ಲ. ಕೃಷಿಕರಿಂದ ಕಚ್ಚಾ ಗೇರುಬೀಜ ಕೊಳ್ಳುವ ನೋಂದಾಯಿತರು ತೆರಿಗೆಯನ್ನು ತಾವೇ ಭರಿಸಿ ತಾವೇ ಬರೆದುಕೊಳ್ಳುವ ಬಿಲ್ಲುಗಳೂ ಅಲ್ಲಿಯೇ ಇರುತ್ತವೆ. ಈ ಲೆಕ್ಕ ಅಳಿದರೆ ಬಾಕಿಯ ವಿಷಯದಲ್ಲಿ ಎದುರಿನವರ ಮಾತೇ ಪ್ರಮಾಣವಾಗುತ್ತದೆ.

ಕಾನೂನೂ ಸುಮ್ಮನಿಲ್ಲ. ಜಿಎಸ್‌ಟಿ ಕಾಯ್ದೆಯ 36ನೇ ಕಲಮಿನಂತೆ, ಆಯಾ ವರ್ಷದ ವಾರ್ಷಿಕ ವಿವರಣಾ ಪತ್ರ ಸಲ್ಲಿಸಬೇಕಾದ ಕೊನೆಯ ದಿನದಿಂದ 72 ತಿಂಗಳು ಲೆಕ್ಕಪತ್ರಗಳನ್ನು ಕಾಪಾಡಬೇಕು. ವಿದ್ಯುನ್ಮಾನ ದಾಖಲೆಗಳು ಅಪಘಾತ ಅಥವಾ ನೈಸರ್ಗಿಕ ಕಾರಣಗಳಿಂದ ನಾಶವಾದರೂ ಯುಕ್ತ ಅವಧಿಯಲ್ಲಿ ಮರಳಿ ದೊರೆಯುವಂತೆ ಪ್ರತಿ ಇಡಬೇಕೆಂದು 57ನೇ ನಿಯಮ ವಿಧಿಸುತ್ತದೆ. ಡಿಸ್ಕು ಕೆಟ್ಟಿತೆಂಬ ಸಮಜಾಯಿಷಿ ಅಧಿಕಾರಿಗಳ ಮುಂದೆ ನಿಲ್ಲುವುದು ಕಷ್ಟ. ಕಂಪನಿಯಾಗಿ ನೋಂದಣಿಯಾದ ಸಂಸ್ಥೆಗಳಿಗೆ ಅವಧಿ 8 ವರ್ಷ. 2023ರ ಏಪ್ರಿಲ್ 1ರಿಂದ ಪ್ರತಿ ತಿದ್ದುಪಡಿಯ ಜಾಡನ್ನು ಉಳಿಸುವ ತಂತ್ರಾಂಶವೂ ಅವುಗಳಿಗೆ ಕಡ್ಡಾಯವಾಗಿದೆ.

ಪ್ರತಿಯನ್ನು ಅದೇ ಡಿಸ್ಕಿನ ಇನ್ನೊಂದು ವಿಭಾಗದಲ್ಲಿ ಇಡುವುದರಿಂದ ಪ್ರಯೋಜನವಿಲ್ಲ. ಎರಡು ಹೊರಗಿನ ಡಿಸ್ಕುಗಳನ್ನು ದಿನ ಬಿಟ್ಟು ದಿನ ಬಳಸಿ, ಒಂದನ್ನು ಮನೆಗೆ ಒಯ್ಯುವುದು ಸಣ್ಣ ವ್ಯಾಪಾರಿಗೂ ನಿಲುಕುವ ವ್ಯವಸ್ಥೆ. ತಿಂಗಳಿಗೊಮ್ಮೆ ಆ ಪ್ರತಿಯನ್ನು ಬೇರೆ ಯಂತ್ರದಲ್ಲಿ ತೆರೆದು ನೋಡಬೇಕು. ಬದಲಿಸಿದ ಹಳೆಯ ಡಿಸ್ಕನ್ನು ಗುಜರಿಗೆ ಹಾಕದೆ, ಹೊಸದರ ಲೆಕ್ಕ ಆ ವರ್ಷದ ಪರಿಶೋಧನೆಯಲ್ಲಿ ತಾಳೆಯಾಗುವವರೆಗೆ ಬೀಗದೊಳಗೆ ಇರಿಸುವುದು ಒಳಿತು.