ಅಂಗೈಯಿಂದ ಗೋಡೆಗೆ ಮೂರು ದಾರಿ

ಮೊಬೈಲಿನಲ್ಲಿ ಯೂಟ್ಯೂಬ್ ತೆರೆದು, ಮೂಲೆಯಲ್ಲಿರುವ ಕಾಸ್ಟ್ ಗುರುತು ಒತ್ತಿ, ಯಕ್ಷಗಾನದ ಪ್ರಸಂಗವೊಂದನ್ನು ಟಿ.ವಿ.ಗೆ ಹಾಕಿ ನೋಡಿ. ಆಟ ಶುರುವಾದ ಮೇಲೆ ಮೊಬೈಲನ್ನು ಜೇಬಿಗಿಳಿಸಿಕೊಂಡು ಅಂಗಡಿಗೆ ಹೋಗಿ ಬಂದರೂ ಮನೆಯಲ್ಲಿ ಆಟ ನಿಲ್ಲುವುದಿಲ್ಲ. ಅದೇ ಮೊಬೈಲಿನ ಗ್ಯಾಲರಿಯಲ್ಲಿರುವ ಮದುವೆಯ ವಿಡಿಯೊವನ್ನು ‘ಸ್ಕ್ರೀನ್ ಮಿರರಿಂಗ್’ ಒತ್ತಿ ತೋರಿಸುವಾಗ ಕಥೆಯೇ ಬೇರೆ. ಮೊಬೈಲ್ ಹಿಡಿದು ಹಿತ್ತಲಿನ ಕಡೆ ಹೋದರೆ ಸಾಕು, ಚಿತ್ರ ಚೌಕಚೌಕವಾಗಿ ಒಡೆದು ನಿಂತುಬಿಡುತ್ತದೆ. ನಡುವೆ ಕರೆ ಬಂದರೆ ಕರೆದವರ ಹೆಸರು ನೆಂಟರೆಲ್ಲರ ಎದುರು ಟಿ.ವಿ.ಯಲ್ಲೇ ಮೂಡುತ್ತದೆ.

ಮೊಬೈಲ್ ಅದೇ, ಟಿ.ವಿ. ಅದೇ. ವ್ಯತ್ಯಾಸವಿರುವುದು ಒಂದರಿಂದ ಇನ್ನೊಂದಕ್ಕೆ ಹೋಗುತ್ತಿರುವುದು ಏನು ಎಂಬುದರಲ್ಲಿ. ಒಂದು ದಾರಿಯಲ್ಲಿ ಇಡೀ ಚಿತ್ರ ಹೋಗುತ್ತದೆ. ಇನ್ನೊಂದರಲ್ಲಿ ಕುಗ್ಗಿಸಿದ ಚಿತ್ರ ಹೋಗುತ್ತದೆ. ಮೂರನೆಯದರಲ್ಲಿ ಚಿತ್ರ ಹೋಗುವುದೇ ಇಲ್ಲ, ಅದು ಸಿಗುವ ವಿಳಾಸ ಮಾತ್ರ ಹೋಗುತ್ತದೆ. ಈ ಮೂರನ್ನು ಬಿಡಿಸಿ ನೋಡಲು ಬಂದರೆ ಎದುರಾಗುವ ತೊಡಕುಗಳಲ್ಲಿ ಹೆಚ್ಚಿನವು ತಾವಾಗಿಯೇ ಅರ್ಥವಾಗುತ್ತವೆ. ಬೇಡದ ಸಾಮಾನಿಗೆ ದುಡ್ಡು ಸುರಿಯುವುದೂ ತಪ್ಪುತ್ತದೆ.

ಒಂದು ಸೆಕೆಂಡಿನ ಹೊರೆ

ಮೊದಲು ಚಿತ್ರದ ತೂಕ ನೋಡೋಣ. ಫುಲ್ ಎಚ್‌ಡಿ ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಪಿಕ್ಸೆಲ್‌ಗಳಿವೆ. ಒಟ್ಟು 20,73,600. ಪ್ರತಿ ಪಿಕ್ಸೆಲ್‌ಗೂ ಕೆಂಪು, ಹಸಿರು, ನೀಲಿ ಬಣ್ಣ ಎಷ್ಟೆಷ್ಟು ಎಂದು ಹೇಳಲು ತಲಾ 8ರಂತೆ 24 ಬಿಟ್ ಬೇಕು. ಅಂದರೆ ಒಂದು ನಿಶ್ಚಲ ಚಿತ್ರಕ್ಕೇ ಸುಮಾರು 5 ಕೋಟಿ ಬಿಟ್. ಮೊಬೈಲಿನ ಪರದೆ ಸಾಮಾನ್ಯವಾಗಿ ಸೆಕೆಂಡಿಗೆ 60 ಸಲ ಹೊಸದಾಗುತ್ತದೆ. ಹೀಗೆ ಲೆಕ್ಕ ಹಾಕಿದರೆ ಸೆಕೆಂಡಿಗೆ ಸುಮಾರು 300 ಕೋಟಿ ಬಿಟ್, ಅಂದರೆ 3 ಗಿಗಾಬಿಟ್. ಒಂದೇ ಒಂದು ನಿಮಿಷದ ಚಿತ್ರ 22 ಜಿಬಿ ದಾಟುತ್ತದೆ.

ಮನೆಯ ವೈ-ಫೈ ಸಾಮಾನ್ಯವಾಗಿ ಸಾಗಿಸುವುದು ಸೆಕೆಂಡಿಗೆ ಕೆಲವು ಹತ್ತರಿಂದ ಕೆಲವು ನೂರು ಮೆಗಾಬಿಟ್. ಬ್ಲೂಟೂತ್‌ನ ಸಾಮರ್ಥ್ಯ ಎರಡು ಮೂರು ಮೆಗಾಬಿಟ್‌ಗೆ ಮುಗಿಯುತ್ತದೆ. ಹಾಡು ಬ್ಲೂಟೂತ್‌ನಲ್ಲಿ ಹೋಗುತ್ತದೆ, ಸಿನಿಮಾ ಹೋಗುವುದಿಲ್ಲ ಎಂಬುದಕ್ಕೆ ಇದೇ ಕಾರಣ. 3 ಗಿಗಾಬಿಟ್‌ನ ಹೊರೆಯನ್ನು ಹೊರಲು ತಂತಿ ಬೇಕು, ಇಲ್ಲವೇ ಹೊರೆಯನ್ನೇ ಇಳಿಸಬೇಕು.

ಮೊದಲ ದಾರಿ: ತಂತಿ

ಚಿತ್ರವನ್ನು ತಂತಿಯಲ್ಲಿ ಟಿ.ವಿ.ಗೆ ಸಾಗಿಸುವ ಎಚ್‌ಡಿಎಂಐ ಮಾನಕ ಹೊರಬಂದದ್ದು 2002ರ ಡಿಸೆಂಬರಿನಲ್ಲಿ. ಅದರ ಮೊದಲ ಆವೃತ್ತಿಯೇ ಸೆಕೆಂಡಿಗೆ ಸುಮಾರು 5 ಗಿಗಾಬಿಟ್ ಸಾಗಿಸುತ್ತಿತ್ತು. 2017ರಲ್ಲಿ ಬಂದ 2.1 ಆವೃತ್ತಿಯ ಮಿತಿ 48 ಗಿಗಾಬಿಟ್. ಇಷ್ಟು ವೇಗದಲ್ಲಿ ತಂತಿಯೊಳಗೆ ಹರಿಯುವ ಸಂಕೇತಕ್ಕೆ ಸುತ್ತಲಿನ ವಿದ್ಯುತ್ ಗದ್ದಲ ಸೇರಿಕೊಳ್ಳದಂತೆ ಒಂದು ಜಾಣ ಉಪಾಯ ಮಾಡಿದ್ದಾರೆ. ಪ್ರತಿ ಸಂಕೇತವನ್ನೂ ಜೋಡಿ ತಂತಿಗಳಲ್ಲಿ ಕಳಿಸುತ್ತಾರೆ. ಒಂದರಲ್ಲಿ ವೋಲ್ಟೇಜ್ ಏರಿದರೆ ಇನ್ನೊಂದರಲ್ಲಿ ಇಳಿಯುತ್ತದೆ. ಟಿ.ವಿ. ಓದುವುದು ಎರಡರ ನಡುವಿನ ವ್ಯತ್ಯಾಸವನ್ನು ಮಾತ್ರ. ಹೊರಗಿನ ಗದ್ದಲ ಎರಡು ತಂತಿಗಳಿಗೂ ಸಮನಾಗಿ ತಾಗುವುದರಿಂದ ಕಳೆಯುವಾಗ ಅದು ತಾನಾಗಿಯೇ ಹೊರಟುಹೋಗುತ್ತದೆ.

ಕೇಬಲ್ ಸಿಕ್ಕಿಸಿದ ಕೂಡಲೇ ಚಿತ್ರ ಬರದೆ ಪರದೆ ಒಂದೆರಡು ಗಳಿಗೆ ಕಪ್ಪಾಗಿರುವುದನ್ನು ನೋಡಿರುತ್ತೀರಿ. ಆಗ ಎರಡೂ ಕಡೆಯ ಚಿಪ್‌ಗಳ ನಡುವೆ ಪರಿಚಯ ನಡೆಯುತ್ತಿರುತ್ತದೆ. ತನ್ನಲ್ಲಿ ಎಷ್ಟು ಪಿಕ್ಸೆಲ್‌ಗಳಿವೆ, ಸೆಕೆಂಡಿಗೆ ಎಷ್ಟು ಚಿತ್ರ ತೋರಿಸಬಲ್ಲೆ ಎಂಬ ವಿವರಗಳ ಪುಟ್ಟ ಪಟ್ಟಿಯೊಂದು ಟಿ.ವಿ.ಯೊಳಗೆ ಇರುತ್ತದೆ. ಅದರ ಹೆಸರು ಇಡಿಐಡಿ. ಮೊಬೈಲ್ ಅದನ್ನು ಓದಿ, ತಾನು ಕಳಿಸುವ ಚಿತ್ರವನ್ನು ಅದಕ್ಕೆ ಹೊಂದಿಸಿಕೊಳ್ಳುತ್ತದೆ.

ಹಾಗಾದರೆ ಎಲ್ಲ ಮೊಬೈಲುಗಳನ್ನೂ ಕೇಬಲ್‌ನಿಂದ ಟಿ.ವಿ.ಗೆ ಜೋಡಿಸಬಹುದೇ? ಇಲ್ಲ. ಹಣ ಕಳೆದುಕೊಳ್ಳುವವರು ಹೆಚ್ಚಾಗಿ ಎಡವುವುದು ಇಲ್ಲಿಯೇ. 2014ರಲ್ಲಿ ಬಂದ ಯುಎಸ್‌ಬಿ-ಸಿ ಕಿಂಡಿಯಲ್ಲಿ 24 ಸಂಪರ್ಕಬಿಂದುಗಳಿವೆ. ಅವುಗಳಲ್ಲಿ ಅತಿವೇಗದ ನಾಲ್ಕು ಜೋಡಿಗಳನ್ನು ವಿಡಿಯೊಗೆ ಬಿಟ್ಟುಕೊಡುವ ವ್ಯವಸ್ಥೆಗೆ ‘ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್’ ಎಂದು ಹೆಸರು. ಆದರೆ ಕಡಿಮೆ ಬೆಲೆಯ ಬಹಳಷ್ಟು ಫೋನುಗಳಲ್ಲಿ ಕಿಂಡಿಯ ಆಕಾರ ಮಾತ್ರ ಯುಎಸ್‌ಬಿ-ಸಿ. ಒಳಗಿರುವುದು ಹಳೆಯ ಯುಎಸ್‌ಬಿ 2.0, ಅದರ ಮಿತಿ ಸೆಕೆಂಡಿಗೆ 480 ಮೆಗಾಬಿಟ್. ಅತಿವೇಗದ ಜೋಡಿಗಳಿಗೆ ಅಲ್ಲಿ ತಂತಿಯನ್ನೇ ಎಳೆದಿರುವುದಿಲ್ಲ. ಅಂಥ ಫೋನಿಗೆ ಯುಎಸ್‌ಬಿ-ಸಿಯಿಂದ ಎಚ್‌ಡಿಎಂಐಗೆ ಹೋಗುವ ಸಾಮಾನ್ಯ ಕೇಬಲ್ ಎಷ್ಟೇ ದುಬಾರಿಯದನ್ನು ತಂದರೂ ಚಿತ್ರ ಬರುವುದಿಲ್ಲ. ಕೇಬಲ್ ಕೊಳ್ಳುವ ಮುನ್ನ ಫೋನಿನ ವಿವರಪಟ್ಟಿಯಲ್ಲಿ ‘ಡಿಸ್‌ಪ್ಲೇಪೋರ್ಟ್’ ಅಥವಾ ‘ವಿಡಿಯೊ ಔಟ್’ ಎಂಬ ಮಾತು ಇದೆಯೇ ಎಂದು ಓದಿ ನೋಡಬೇಕು. ಚಾರ್ಜರ್ ಕೇಬಲನ್ನು ಟಿ.ವಿ.ಯ ಯುಎಸ್‌ಬಿ ಕಿಂಡಿಗೆ ಸಿಕ್ಕಿಸುವುದೂ ಇಂಥದೇ ತಪ್ಪು. ಆ ಕಿಂಡಿ ಇರುವುದು ಪೆನ್‌ಡ್ರೈವ್ ಓದಲು. ಅಲ್ಲಿ ಫೋನ್ ಚಾರ್ಜ್ ಆದೀತೇ ಹೊರತು ಅದರ ಪರದೆ ಟಿ.ವಿ.ಯಲ್ಲಿ ಕಾಣದು.

ಎರಡನೆಯ ದಾರಿ: ಕುಗ್ಗಿಸಿ ಕಳಿಸುವುದು

ತಂತಿಯಿಲ್ಲದೆ ಪರದೆಯನ್ನು ಪ್ರತಿಬಿಂಬಿಸುವ ಮಿರಾಕಾಸ್ಟ್ ವ್ಯವಸ್ಥೆಗೆ ವೈ-ಫೈ ಅಲಯನ್ಸ್ ಸಂಸ್ಥೆ 2012ರಲ್ಲಿ ಪ್ರಮಾಣಪತ್ರ ಕೊಡಲು ಆರಂಭಿಸಿತು. ಫೋನುಗಳಲ್ಲಿ ಇದು ಸ್ಮಾರ್ಟ್ ವ್ಯೂ, ಸ್ಕ್ರೀನ್‌ಕಾಸ್ಟ್, ವೈರ್‌ಲೆಸ್ ಡಿಸ್‌ಪ್ಲೇ ಎಂದು ನಾನಾ ಹೆಸರಿನಲ್ಲಿ ಕಾಣಿಸುತ್ತದೆ. ಐಫೋನಿನಲ್ಲಿ ಈ ಕೆಲಸ ಮಾಡುವುದು ಏರ್‌ಪ್ಲೇ. ಮಿರಾಕಾಸ್ಟ್‌ಗೆ ಇಂಟರ್ನೆಟ್ ಬೇಡ, ರೂಟರ್ ಕೂಡ ಬೇಡ. ಮೊಬೈಲ್ ಮತ್ತು ಟಿ.ವಿ. ತಮ್ಮತಮ್ಮಲ್ಲೇ ವೈ-ಫೈ ಸಂಪರ್ಕ ಬೆಸೆದುಕೊಳ್ಳುತ್ತವೆ. ಮೊಬೈಲ್ ತನ್ನ ಪರದೆಯನ್ನು ಕ್ಷಣಕ್ಷಣವೂ ಸೆರೆಹಿಡಿದು, 2003ರಲ್ಲಿ ರೂಪುಗೊಂಡ ಎಚ್.264 ಎಂಬ ಪದ್ಧತಿಯಲ್ಲಿ ಕುಗ್ಗಿಸಿ ಕಳಿಸುತ್ತದೆ. 3 ಗಿಗಾಬಿಟ್‌ನ ಪ್ರವಾಹ ಹತ್ತು ಮೆಗಾಬಿಟ್‌ನ ಆಸುಪಾಸಿಗೆ ಇಳಿಯುತ್ತದೆ. ಮುನ್ನೂರರಲ್ಲಿ ಒಂದು ಪಾಲು ಉಳಿದರೂ ಕಣ್ಣಿಗೆ ನಷ್ಟ ಗೊತ್ತಾಗುವುದಿಲ್ಲ. ಇಡೀ ವ್ಯವಸ್ಥೆಯಲ್ಲಿ ನಿಜವಾಗಿ ಬೆರಗು ಹುಟ್ಟಿಸುವ ಭಾಗ ಇದು.

ಕುಗ್ಗಿಸುವ ಕೆಲಸ ಮೂರು ಹಂತಗಳಲ್ಲಿ ನಡೆಯುತ್ತದೆ. ಮನುಷ್ಯನ ಕಣ್ಣು ಬೆಳಕಿನ ಏರಿಳಿತವನ್ನು ಗುರುತಿಸಿದಷ್ಟು ಸೂಕ್ಷ್ಮವಾಗಿ ಬಣ್ಣದ ಏರಿಳಿತವನ್ನು ಗುರುತಿಸದು. ಆದ್ದರಿಂದ ಬೆಳಕಿನ ಲೆಕ್ಕವನ್ನು ಪಿಕ್ಸೆಲ್‌ಗೊಂದರಂತೆ ಉಳಿಸಿಕೊಂಡು, ಬಣ್ಣದ ಲೆಕ್ಕವನ್ನು ನಾಲ್ಕು ಪಿಕ್ಸೆಲ್‌ಗೆ ಒಂದರಂತೆ ಇಟ್ಟುಕೊಳ್ಳುತ್ತಾರೆ. ಇಷ್ಟಕ್ಕೇ ಅರ್ಧ ಹೊರೆ ಇಳಿಯುತ್ತದೆ.

ಎರಡನೆಯ ಹಂತ ಕಾಲಕ್ಕೆ ಸಂಬಂಧಿಸಿದ್ದು. ಕ್ರಿಕೆಟ್ ಪಂದ್ಯದಲ್ಲಿ ಬೌಲರ್ ಓಡಿಬರುವಾಗ ಮೈದಾನದ ಹಸಿರು ಒಂದು ಚಿತ್ರದಿಂದ ಮುಂದಿನದಕ್ಕೆ ಹೆಚ್ಚುಕಡಿಮೆ ಬದಲಾಗುವುದಿಲ್ಲ. ಆಗ ಹೊಸ ಚಿತ್ರವನ್ನು ಇಡಿಯಾಗಿ ಕಳಿಸದೆ ‘ಈ ಚೌಕ ಹಿಂದಿನಂತೆಯೇ ಇದೆ, ಆ ಚೌಕ ಬಲಕ್ಕೆ ಇಷ್ಟು ಸರಿದಿದೆ’ ಎಂಬ ಸೂಚನೆಯನ್ನಷ್ಟೇ ಕಳಿಸಿದರೆ ಸಾಕು. ಟಿ.ವಿ. ತನ್ನ ನೆನಪಿನಲ್ಲಿರುವ ಹಿಂದಿನ ಚಿತ್ರಕ್ಕೆ ಈ ತಿದ್ದುಪಡಿ ಸೇರಿಸಿ ಹೊಸದನ್ನು ಕಟ್ಟಿಕೊಳ್ಳುತ್ತದೆ. ಆಗೊಮ್ಮೆ ಈಗೊಮ್ಮೆ ಮಾತ್ರ ಪೂರ್ಣ ಚಿತ್ರ ಹೋಗುತ್ತದೆ.

ಮೂರನೆಯ ಹಂತಕ್ಕೆ ಬೆಂಗಳೂರಿನ ನಂಟಿದೆ. ನಾಸಿರ್ ಅಹ್ಮದ್ ಹುಟ್ಟಿದ್ದು 1940ರಲ್ಲಿ, ಬೆಂಗಳೂರಿನಲ್ಲಿ. ಇಲ್ಲಿನ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನಲ್ಲಿ 1961ರಲ್ಲಿ ಪದವಿ ಪಡೆದು ಅಮೆರಿಕಕ್ಕೆ ಹೋದರು, ಮುಂದೆ ಕ್ಯಾನ್ಸಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾದರು. ಚಿತ್ರವನ್ನು ಕುಗ್ಗಿಸಲು ಕೊಸೈನ್ ತರಂಗಗಳನ್ನು ಬಳಸುವ ವಿಚಾರವನ್ನು ಮುಂದಿಟ್ಟು 1972ರಲ್ಲಿ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದಿಂದ ಧನಸಹಾಯ ಕೇಳಿದರು. ಸಹಾಯ ಸಿಗಲಿಲ್ಲ. ಅವರು ಕೆಲಸ ಬಿಡಲಿಲ್ಲ. ತಮ್ಮ ವಿದ್ಯಾರ್ಥಿ ಟಿ. ನಟರಾಜನ್ ಮತ್ತು ಪ್ರಾಧ್ಯಾಪಕ ಕೆ. ಆರ್. ರಾವ್ ಜೊತೆಗೂಡಿ 1974ರ ಜನವರಿಯಲ್ಲಿ ‘ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್’ ಎಂಬ ಪ್ರಬಂಧ ಪ್ರಕಟಿಸಿದರು. ಬರೀ ನಾಲ್ಕು ಪುಟಗಳ ಪ್ರಬಂಧ ಅದು.

ಅದರ ತಿರುಳು ಹೀಗಿದೆ. ಚಿತ್ರವನ್ನು ಪುಟ್ಟ ಚೌಕಗಳಾಗಿ ಕತ್ತರಿಸಿ. ಒಂದು ಚೌಕದಲ್ಲಿ ಅಡ್ಡಕ್ಕೆ 8, ಉದ್ದಕ್ಕೆ 8, ಒಟ್ಟು 64 ಪಿಕ್ಸೆಲ್ ಇವೆ ಎಂದುಕೊಳ್ಳಿ. ಈ 64 ಪಿಕ್ಸೆಲ್‌ಗಳ ಬೆಲೆಯನ್ನು ಒಂದೊಂದಾಗಿ ಹೇಳುವ ಬದಲು, ಮೊದಲೇ ಗೊತ್ತುಮಾಡಿದ 64 ಅಲೆವಿನ್ಯಾಸಗಳನ್ನು ಯಾವ್ಯಾವ ಪ್ರಮಾಣದಲ್ಲಿ ಬೆರೆಸಿದರೆ ಆ ಚೌಕ ಸಿಗುತ್ತದೆ ಎಂದು ಹೇಳಬಹುದು. ಒಂದು ಸಾರಿನ ರುಚಿಯನ್ನು ಹುಳಿ, ಖಾರ, ಉಪ್ಪು ಎಷ್ಟೆಷ್ಟು ಎಂದು ಹೇಳಿ ತಿಳಿಸಿದ ಹಾಗೆ. ಲಾಭ ಇರುವುದು ಎಲ್ಲಿ? ಆಕಾಶ, ಗೋಡೆ, ಕೆನ್ನೆ, ಸೀರೆಯ ಒಡಲು – ನಾವು ನೋಡುವ ಬಹುಪಾಲು ಚಿತ್ರಗಳಲ್ಲಿ ಬೆಳಕು ಮೆಲ್ಲಗೆ ಬದಲಾಗುತ್ತದೆ. ಅಂಥ ಚೌಕಕ್ಕೆ ನಿಧಾನವಾಗಿ ಏರಿಳಿಯುವ ನಾಲ್ಕೈದು ವಿನ್ಯಾಸಗಳೇ ಸಾಕು. ಉಳಿದವುಗಳ ಪ್ರಮಾಣ ಸೊನ್ನೆಗೆ ಹತ್ತಿರ. ಅವನ್ನು ಕೈಬಿಟ್ಟರೂ ಕಣ್ಣು ತಕರಾರು ಮಾಡುವುದಿಲ್ಲ. 64 ಅಂಕಿಗಳ ಜಾಗದಲ್ಲಿ ನಾಲ್ಕೈದು ಅಂಕಿ ಕಳಿಸಿದರೆ ಕೆಲಸ ಮುಗಿಯಿತು. ಫೋಟೊಗಳ ಜೆಪೆಗ್ ಪದ್ಧತಿ ನಿಂತಿರುವುದು ಇದೇ ಗಣಿತದ ಮೇಲೆ. ಎಚ್.264ರಲ್ಲಿರುವುದು ಇದಕ್ಕೆ ತೀರ ಸಮೀಪದ, ಪೂರ್ಣಾಂಕಗಳಲ್ಲೇ ಲೆಕ್ಕ ಮುಗಿಸುವ ರೂಪ. ಜಗತ್ತಿನ ಕೋಟ್ಯಂತರ ಪರದೆಗಳನ್ನು ಪ್ರತಿ ಕ್ಷಣ ದುಡಿಸುತ್ತಿರುವ ಈ ಲೆಕ್ಕದ ಹಿಂದೆ ಬೆಂಗಳೂರಿನಲ್ಲಿ ಓದಿದ ಒಬ್ಬರಿದ್ದಾರೆ ಎಂಬುದು ನಮ್ಮ ಶಾಲೆಯ ಮಕ್ಕಳಿಗೆ ಗೊತ್ತಿರಲೇಬೇಕು.

ಈಗ ಚಿತ್ರ ಚೌಕಚೌಕವಾಗಿ ಒಡೆಯುವುದೇಕೆ ಎಂಬುದು ಸ್ಪಷ್ಟ. ಮೊಬೈಲ್ ದೂರ ಹೋದಾಗಲೋ ನೆರೆಮನೆಗಳ ವೈ-ಫೈ ಅಲೆಗಳು ಅಡ್ಡ ಬಂದಾಗಲೋ ದಾರಿಯಲ್ಲಿ ಕೆಲವು ಸೂಚನೆಗಳು ಕಳೆದುಹೋಗುತ್ತವೆ. ಟಿ.ವಿ. ಹಳೆಯ ಚೌಕವನ್ನೇ ಹಿಡಿದುಕೊಂಡು ಅದರ ಮೇಲೆ ಹೊಸ ತಿದ್ದುಪಡಿ ಹಾಕುತ್ತದೆ, ತಪ್ಪು ಬೆಳೆಯುತ್ತದೆ. ಮುಂದಿನ ಪೂರ್ಣ ಚಿತ್ರ ಬಂದಾಗ ಎಲ್ಲ ಸರಿಹೋಗುತ್ತದೆ. ಟಿ.ವಿ. ಕೆಟ್ಟಿಲ್ಲ, ರಿಪೇರಿಯೂ ಬೇಕಿಲ್ಲ. ಮೊಬೈಲನ್ನು ಹತ್ತಿರ ತನ್ನಿ. ಸಾಧ್ಯವಿದ್ದರೆ ಗಿಜಿಗುಡುವ 2.4 ಗಿಗಾಹರ್ಟ್ಸ್ ಪಟ್ಟಿಯ ಬದಲು 5 ಗಿಗಾಹರ್ಟ್ಸ್ ಬಳಸಿ.

ಕುಗ್ಗಿಸಲು, ಕಳಿಸಲು, ಬಿಚ್ಚಲು ಸಮಯವೂ ಬೇಕು. ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಅಥವಾ ಅದಕ್ಕಿಂತ ಹೆಚ್ಚು ತಡವಾಗುವುದು ಸಾಮಾನ್ಯ. ಸಿನಿಮಾ ನೋಡುವವರಿಗೆ ಇದು ಗೊತ್ತೇ ಆಗುವುದಿಲ್ಲ, ಆಟ ಆಡುವ ಮಕ್ಕಳಿಗೆ ತಕ್ಷಣ ಗೊತ್ತಾಗುತ್ತದೆ.

ಮೂರನೆಯ ದಾರಿ: ವಿಳಾಸ ಮಾತ್ರ

ಗೂಗಲ್ 2013ರ ಜುಲೈನಲ್ಲಿ 35 ಡಾಲರಿಗೆ ಕ್ರೋಮ್‌ಕಾಸ್ಟ್ ಎಂಬ ಪುಟ್ಟ ಸಾಧನ ತಂದಾಗ ಅದರ ಜಾಣತನ ಚಿತ್ರ ಸಾಗಿಸುವುದರಲ್ಲಿ ಇರಲಿಲ್ಲ, ಸಾಗಿಸದೆ ಇರುವುದರಲ್ಲಿತ್ತು. ಕಾಸ್ಟ್ ಗುರುತು ಮೂಡುವ ಮುನ್ನ ಮೊಬೈಲ್ ಮನೆಯ ವೈ-ಫೈ ಜಾಲದಲ್ಲಿ ‘ಇಲ್ಲಿ ಪರದೆ ಯಾವುದಾದರೂ ಇದೆಯೇ?’ ಎಂದು ಎಲ್ಲರಿಗೂ ಕೇಳುವಂತೆ ಪ್ರಶ್ನೆ ಹಾಕುತ್ತದೆ. ಟಿ.ವಿ. ತನ್ನ ಹೆಸರು ಹೇಳುತ್ತದೆ. ನೀವು ಗುರುತು ಒತ್ತಿದಾಗ ಮೊಬೈಲ್ ಕಳಿಸುವುದು ಯಾವ ವಿಡಿಯೊ, ಎಲ್ಲಿಂದ ಶುರುಮಾಡಬೇಕು ಎಂಬ ಚಿಕ್ಕ ಸಂದೇಶ ಮಾತ್ರ. ಅದಾದ ಮೇಲೆ ಟಿ.ವಿ. ತಾನೇ ಇಂಟರ್ನೆಟ್‌ಗೆ ಹೋಗಿ ವಿಡಿಯೊ ತರಿಸಿಕೊಳ್ಳುತ್ತದೆ. ಮೊಬೈಲಿಗೆ ಉಳಿಯುವುದು ರಿಮೋಟ್‌ನ ಕೆಲಸ. ಬ್ಯಾಟರಿ ಉಳಿಯುತ್ತದೆ, ಕರೆ ಬಂದರೂ ಟಿ.ವಿ.ಯಲ್ಲಿ ಕಾಣದು. ಆ್ಯಪಲ್ 2010ರಲ್ಲಿ ತಂದ ಏರ್‌ಪ್ಲೇಯಲ್ಲಿ ಈಗ ಎರಡನೆಯ ಮತ್ತು ಮೂರನೆಯ ದಾರಿಗಳೆರಡೂ ಇವೆ.

ಈ ದಾರಿಗೆ ಎರಡು ಷರತ್ತು. ಟಿ.ವಿ.ಗೆ ಇಂಟರ್ನೆಟ್ ಇರಬೇಕು, ಮೊಬೈಲ್ ಅದೇ ಜಾಲದಲ್ಲಿರಬೇಕು. ಹೋಟೆಲ್, ಹಾಸ್ಟೆಲ್‌ಗಳ ವೈ-ಫೈಯಲ್ಲಿ ಒಬ್ಬರ ಸಾಧನ ಇನ್ನೊಬ್ಬರಿಗೆ ಕಾಣದಂತೆ ಬೇಲಿ ಹಾಕಿರುತ್ತಾರೆ. ಅಲ್ಲಿ ಕಾಸ್ಟ್ ಗುರುತೇ ಮೂಡದಿದ್ದರೆ ಕಾರಣ ಅದು.

ಒಟಿಟಿ ಆ್ಯಪ್‌ಗಳ ಸಿನಿಮಾವನ್ನು ಮಿರರಿಂಗ್ ಮಾಡಿದರೆ ಟಿ.ವಿ. ಕಪ್ಪಾಗುವುದಕ್ಕೂ ಉತ್ತರ ಇಲ್ಲಿದೆ. ನಕಲು ತಡೆಯಲು ಆ್ಯಪ್‌ಗಳು ತಮ್ಮ ಪರದೆಯನ್ನು ಸೆರೆಹಿಡಿಯದಂತೆ ಫೋನಿಗೆ ಹೇಳಿರುತ್ತವೆ. ಬ್ಯಾಂಕ್ ಆ್ಯಪ್‌ಗಳು ಮಾಡುವುದೂ ಇದನ್ನೇ. ಒಟಿಟಿ ಆ್ಯಪ್‌ನಲ್ಲೇ ಕಾಸ್ಟ್ ಗುರುತು ಇದ್ದು ಮೂರನೆಯ ದಾರಿ ಹಿಡಿದರೆ ಚಿತ್ರ ಬರುತ್ತದೆ, ಏಕೆಂದರೆ ಅಲ್ಲಿ ಪರದೆ ಸೆರೆಹಿಡಿಯುವ ಮಾತೇ ಇಲ್ಲ.

ಯಾರಿಗೆ ಯಾವುದು?

ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇದ್ದು ಸಿನಿಮಾ, ಹಾಡು ನೋಡುವವರಿಗೆ ಕಾಸ್ಟ್ ಮಾಡುವುದೇ ಒಳ್ಳೆಯದು. ಫೋನಿನೊಳಗಿರುವ ಫೋಟೊ, ವಿಡಿಯೊಗಳಿಗೆ ಮಿರರಿಂಗ್ ಸಾಕು. ಮೊಬೈಲನ್ನು ಅಡ್ಡ ಹಿಡಿಯಲು ಮಾತ್ರ ಮರೆಯಬೇಡಿ, ನೆಟ್ಟಗೆ ಹಿಡಿದರೆ ಚಿತ್ರ ತುಂಬುವುದು ಟಿ.ವಿ.ಯ ಕಾಲು ಭಾಗವನ್ನಷ್ಟೇ. ಮಿರರಿಂಗ್ ಮಾಡುವ ಮುನ್ನ ‘ಡು ನಾಟ್ ಡಿಸ್ಟರ್ಬ್’ ಒತ್ತಿಕೊಳ್ಳಿ. ಇಲ್ಲವಾದರೆ ಬಂದ ಸಂದೇಶ, ಒಟಿಪಿ ಎಲ್ಲವೂ ಕೋಣೆಯಲ್ಲಿದ್ದವರಿಗೆಲ್ಲ ಕಾಣುತ್ತವೆ. ಹಳೆಯ ಎಲ್‌ಸಿಡಿ ಟಿ.ವಿ.ಯಲ್ಲಿ ಎಚ್‌ಡಿಎಂಐ ಕಿಂಡಿ ಇದ್ದರೆ ಅದನ್ನು ಗುಜರಿಗೆ ಹಾಕಬೇಡಿ. ಆ ಕಿಂಡಿಗೆ ಪುಟ್ಟ ಸ್ಟಿಕ್ ಒಂದನ್ನು ಸಿಕ್ಕಿಸಿದರೆ ಹೊಸ ಟಿ.ವಿ.ಯ ಹೆಚ್ಚಿನ ಕೆಲಸಗಳು ಅದರಲ್ಲೇ ಆಗುತ್ತವೆ.

ಮೂರೂ ದಾರಿಗಳಲ್ಲಿ ನನಗೆ ಹೆಚ್ಚು ಮುಖ್ಯವೆನಿಸುವುದು ಮೊದಲ ಎರಡು. ಅವಕ್ಕೆ ಇಂಟರ್ನೆಟ್ ಬೇಕಿಲ್ಲ. ಸಿಗ್ನಲ್ ಸಿಗದ ಮಲೆನಾಡಿನ ಶಾಲೆಯಲ್ಲೂ ಶಿಕ್ಷಕರು ಪೇಟೆಯಲ್ಲಿ ಇಳಿಸಿಕೊಂಡ ಪಾಠದ ವಿಡಿಯೊವನ್ನು ತಮ್ಮ ಫೋನಿನಿಂದಲೇ ಇಡೀ ತರಗತಿಗೆ ತೋರಿಸಬಹುದು. ಹೃದಯದ ಕವಾಟ ತೆರೆದು ಮುಚ್ಚುವುದನ್ನು, ಬೀಜ ಮೊಳೆಯುವುದನ್ನು ಮೂವತ್ತು ಮಕ್ಕಳು ಆರಂಗುಲದ ಫೋನಿನ ಸುತ್ತ ಮುಗಿಬಿದ್ದು ನೋಡಬೇಕಿಲ್ಲ. ಶಾಲೆಗೆ ಟಿ.ವಿ. ಕೊಡುವ ದಾನಿಗಳು, ಹಳೆಯ ವಿದ್ಯಾರ್ಥಿಗಳ ಸಂಘದವರು ಅದರ ಜೊತೆಗೆ ಅಲ್ಲಿನ ಶಿಕ್ಷಕರ ಫೋನಿಗೆ ಹೊಂದುವ ಕೇಬಲನ್ನೋ ಮಿರಾಕಾಸ್ಟ್ ಹಿಡಿಯುವ ಸ್ಟಿಕ್ಕನ್ನೋ ಕೊಟ್ಟು, ಜೋಡಿಸುವುದನ್ನು ಅರ್ಧ ಗಂಟೆ ಕುಳಿತು ಹೇಳಿಕೊಟ್ಟು ಬರಲಿ. ಆ ಅರ್ಧ ಗಂಟೆ ಕೊಡದಿದ್ದರೆ ಕೊಟ್ಟ ಟಿ.ವಿ. ಮಕ್ಕಳ ಪಾಲಿಗೆ ಬಂದಂತಾಗುವುದಿಲ್ಲ.