ಕೌದಿಯ ಕೈಕೆಲಸ ಮನೆಯ ಉದ್ಯಮವಾಗಬೇಕಾದರೆ



ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲೂಕುಗಳ ಹಳ್ಳಿಗಳಲ್ಲಿ ಕೌದಿ ಹೊಲಿಯಲು ಬಾರದ ಹಿರಿಯ ತಾಯಂದಿರು ವಿರಳ. ಮಧ್ಯಾಹ್ನದ ಊಟ ಮುಗಿದ ಮೇಲೆ ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತು, ಹಳೆಯ ಸೀರೆಗಳನ್ನು ಪದರಪದರವಾಗಿ ಹಾಸಿ ಸೂಜಿ ಹಿಡಿಯುವುದು ಅವರಿಗೆ ಉಸಿರಾಟದಷ್ಟು ಸಹಜ. ಪಟ್ಟಣದವರು ಇದನ್ನು ಹವ್ಯಾಸವೆನ್ನುತ್ತಾರೆ. ನಮ್ಮ ತಾಯಂದಿರು ಆ ಪದವನ್ನು ಬಳಸುವುದಿಲ್ಲ. “ಕೈ ಖಾಲಿ ಇದ್ದಾಗ ಹೊಲಿದದ್ದು” ಎಂದು ಹೇಳಿ ಸುಮ್ಮನಾಗುತ್ತಾರೆ. ಈ ಮಾತು ವಿನಯದ್ದೇ ಆದರೂ, ಒಂದು ಕೌದಿಯೊಳಗೆ ಅಡಗಿರುವ ದಿನಗಳ ಲೆಕ್ಕವನ್ನೆಲ್ಲ ಅದು ಮರೆಸಿಬಿಡುತ್ತದೆ.

ಶ್ರೀಮಠಕ್ಕೆ ಬರುವ ತಾಯಂದಿರು, ಅವರಿಗಿಂತ ಹೆಚ್ಚಾಗಿ ಕಾಲೇಜು ಓದಿರುವ ಅವರ ಸೊಸೆಯಂದಿರು, ಈಚೆಗೆ ಎರಡು ಪ್ರಶ್ನೆಗಳನ್ನು ಕೇಳುತ್ತಿದ್ದಾರೆ. ಇದನ್ನು ಮಾರಬಹುದೇ? ಮಾರುವುದಾದರೆ ಎಷ್ಟಕ್ಕೆ? ಮೊದಲನೆಯದಕ್ಕೆ ಉತ್ತರ ಸುಲಭ: ಮಾರಬಹುದು. ಈ ಲೇಖನ ಎರಡನೆಯ ಪ್ರಶ್ನೆಯನ್ನು ಕುರಿತದ್ದು, ಏಕೆಂದರೆ ಕೈಕೆಲಸವು ಉದ್ಯಮವಾಗುವುದೋ ಬಿಡುವುದೋ ಬಹುಪಾಲು ಅಲ್ಲಿಯೇ ತೀರ್ಮಾನವಾಗುತ್ತದೆ.

ಕೌದಿಯ ರಚನೆ ನೋಡಲು ಸರಳ. ಮೃದುವಾಗಿ ಸವೆದ ಹತ್ತಿಯ ಸೀರೆ, ಧೋತರಗಳನ್ನು ಒಗೆದು ಒಣಗಿಸಿ, ಒಂದನ್ನು ಅಡಿಗೆ ಹಾಸಿ, ನಡುವೆ ತುಂಡುಗಳನ್ನು ತುಂಬಿ, ಮೇಲೆ ಬಣ್ಣಬಣ್ಣದ ಚೂರುಗಳನ್ನು ಜೋಡಿಸಿ, ದಾರವನ್ನು ಮೇಲೆ ಕೆಳಗೆ ಓಡಿಸುವ ಸಾದಾ ಹೊಲಿಗೆಯಿಂದ ಎಲ್ಲವನ್ನೂ ಒಂದಾಗಿಸುತ್ತಾರೆ. ಸಾಲುಗಳ ನಡುವಿನ ಅಂತರ ಕಡಿಮೆಯಾದಷ್ಟೂ ಕೌದಿ ಗಟ್ಟಿ. ಕಡಿಮೆಯಾದಷ್ಟೂ ದಿನಗಳೂ ಹೆಚ್ಚು. ಹೊಲಿಗೆಯ ಯಂತ್ರದಿಂದ ಇದನ್ನು ಬೇಗ ಮುಗಿಸಬಹುದು, ಆದರೆ ಆ ಬಟ್ಟೆ ಬಿರುಸಾಗಿ ಕೈಹೊಲಿಗೆಯ ಮೆತ್ತನೆಯ ಸುಕ್ಕು ಕಾಣದಾಗುತ್ತದೆ. ಕೊಳ್ಳುವವರು ಹುಡುಕಿಕೊಂಡು ಬರುವುದು ಆ ಸುಕ್ಕನ್ನೇ. ಉತ್ತರ ಕರ್ನಾಟಕದ ಹಲವೆಡೆ ಗೊಂದಲಿಗ ಸಮುದಾಯದ ಮಹಿಳೆಯರು ಊರೂರು ತಿರುಗಿ ಕೌದಿ ಹೊಲಿದುಕೊಟ್ಟು ಬದುಕು ನಡೆಸಿದ್ದಾರೆ. ಆದ್ದರಿಂದ ಇದು ದುಡಿಮೆಯಾಗಬಲ್ಲದೇ ಎಂಬ ಸಂಶಯಕ್ಕೆ ಅವಕಾಶವಿಲ್ಲ. ದುಡಿಮೆಗೆ ತಕ್ಕ ಬೆಲೆ ಬಂದಿತೇ ಎಂಬುದೇ ಪ್ರಶ್ನೆ.

ಒಂದು ಲೆಕ್ಕ ಹಾಕೋಣ. ಒಬ್ಬ ತಾಯಿ ದಿನಕ್ಕೆ 4 ಗಂಟೆಯಂತೆ 20 ದಿನ ಕುಳಿತು ಒಂದು ದೊಡ್ಡ ಕೌದಿ ಮುಗಿಸಿದಳೆಂದು ಇಟ್ಟುಕೊಳ್ಳಿ. ಅದು 80 ಗಂಟೆ, ಅಂದರೆ 8 ಗಂಟೆಯ 10 ಕೂಲಿ ದಿನಗಳು. 2025–26ರಲ್ಲಿ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತ್ರಿಯ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಕೆರೆಯ ಹೂಳೆತ್ತುವ ಕೆಲಸಕ್ಕೆ ಸರ್ಕಾರ ಆಗ ಕೊಟ್ಟಷ್ಟನ್ನೇ ಈ ಕುಶಲ ಕೆಲಸಕ್ಕೂ ಹಿಡಿದರೆ ಕೂಲಿಯೇ 3,700 ರೂಪಾಯಿ. ದಾರ, ಸೂಜಿ, ಅಂಚಿನ ಹೊಸ ಬಟ್ಟೆಗೆ 300 ಸೇರಿಸಿ. ಒಟ್ಟು 4,000. ಇದರಲ್ಲಿ ಲಾಭವೆಂಬುದು ಇನ್ನೂ ಬಂದಿಲ್ಲ. ಇದು ಬರಿಯ ಕೂಲಿ ಮತ್ತು ಸಾಮಗ್ರಿ. ಊರೊಳಗೆ ಕೌದಿ ಹೊಲಿಸಿಕೊಳ್ಳುವವರು ಕೊಡುವ ಹಣ ಇದರ ಅರ್ಧವನ್ನು ಮುಟ್ಟುವುದೂ ಅಪರೂಪ. ಹಾಗೆಂದು ಅವರನ್ನು ದೂರುವಂತಿಲ್ಲ. ನಮ್ಮ ಗಡಿಯ ಆಚೆಗೇ ಸೊಲ್ಲಾಪುರವಿದೆ. ಅಲ್ಲಿನ ಮಗ್ಗದ ಚಾದರ ದೇಶಕ್ಕೇ ಹೆಸರುವಾಸಿ, ಬೆಲೆಯೂ ಕೈಗೆಟುಕುವಂಥದು. ಆಳಂದದ ಸಂತೆಯಲ್ಲಿ ನಿಂತ ರೈತನಿಗೆ ಚಳಿಗೆ ಹೊದಿಕೆ ಬೇಕು, ಅಷ್ಟೆ. ಅವನು ಚಾದರವನ್ನು ಬಿಟ್ಟು ನಾಲ್ಕು ಸಾವಿರದ ಕೌದಿಯನ್ನು ಏಕೆ ಕೊಂಡಾನು?

ಹಾಗಾಗಿ ಕೌದಿಯನ್ನು ಹೊದಿಕೆಯೆಂದು ಮಾರಹೊರಟರೆ ನಷ್ಟ ಖಚಿತ. ಅದರೊಳಗೆ ಹೊದಿಕೆಯಲ್ಲದ ಮತ್ತೊಂದಿದೆ, ನೆನಪು. ತೀರಿಕೊಂಡ ತಾಯಿಯ ಸೀರೆಗಳು ಎಷ್ಟೋ ಮನೆಗಳ ಟ್ರಂಕಿನಲ್ಲಿ ಉಳಿದಿವೆ. ಉಡುವವರಿಲ್ಲ, ಎಸೆಯಲು ಮನಸ್ಸಿಲ್ಲ. ಪುಣೆ, ಬೆಂಗಳೂರು, ಹೈದರಾಬಾದುಗಳಲ್ಲಿ ನೆಲೆಸಿದ ನಮ್ಮ ಭಾಗದ ಮಕ್ಕಳಿಗೆ ಆ ಸೀರೆಗಳಿಂದಲೇ ಒಂದು ಕೌದಿ ಹೊಲಿದುಕೊಟ್ಟರೆ ಅವರು ಚಾದರದ ಬೆಲೆಯೊಡನೆ ಹೋಲಿಸುವುದಿಲ್ಲ. ಇದರಲ್ಲಿ ಮತ್ತೊಂದು ಅನುಕೂಲವೂ ಇದೆ. ಬಟ್ಟೆ ಗಿರಾಕಿಯದೇ ಆದ್ದರಿಂದ ಬಂಡವಾಳ ದಾರಕ್ಕಷ್ಟೇ ಸಾಕು. ಮಾರಾಟವಾಗದೆ ಉಳಿಯುವ ಸರಕೂ ಇಲ್ಲ. ಅರ್ಧ ಹಣವನ್ನು ಮುಂಗಡವಾಗಿ ಪಡೆದು, ಅಳತೆ ಮತ್ತು ಮುಗಿಸಿಕೊಡುವ ದಿನವನ್ನು ಕಾಗದದ ಮೇಲೆ ಬರೆದುಕೊಟ್ಟರೆ ಜಗಳಕ್ಕೆ ಎಡೆಯಿರದು. ಕತ್ತರಿ ಹಾಕುವ ಮುನ್ನ ಪ್ರತಿಯೊಂದು ಸೀರೆಯ ಮೂಲೆಯನ್ನು ನೀರಲ್ಲಿ ಅದ್ದಿ ಬಣ್ಣ ಬಿಡುವುದೇ ಎಂದು ನೋಡಲೇಬೇಕು. ಒಂದು ಕೆಂಪು ಸೀರೆ ಬಣ್ಣ ಬಿಟ್ಟರೆ ತಾಯಿಯ ಉಳಿದ ಐದು ಸೀರೆಗಳೂ ಹಾಳು, ಅದಕ್ಕೆ ಪರಿಹಾರ ಕೊಡಲು ಯಾರಿಂದಲೂ ಆಗದು.

ದೊಡ್ಡ ಕೌದಿಯ ಜೊತೆಗೆ ಸಣ್ಣ ವಸ್ತುಗಳೂ ಇರಬೇಕು. ಕೂಸಿನ ಕೌದಿ, ದಿಂಬಿನ ಗವಸು, ಹೆಗಲ ಚೀಲ, ಎಲೆ ಅಡಿಕೆಯ ಚಂಚಿಯ ಮಾದರಿಯಲ್ಲೇ ಹೊಲಿದ ಮೊಬೈಲ್ ಚೀಲ, ಹೀಗೆ. ಎರಡು ಮೂರು ಮಧ್ಯಾಹ್ನಗಳಲ್ಲಿ ಮುಗಿಯುವ ವಸ್ತುವಿನ ಬೆಲೆ ನೂರುಗಳಲ್ಲಿರುತ್ತದೆ, ಜಾತ್ರೆಗೆ ಬಂದವರು ಯೋಚಿಸದೆ ಕೊಳ್ಳುತ್ತಾರೆ. ಅಫಜಲಪುರ ತಾಲೂಕಿನ ದೇವಲ ಗಾಣಗಾಪುರಕ್ಕೆ ದತ್ತಾತ್ರೇಯನ ದರ್ಶನಕ್ಕಾಗಿ ಮಹಾರಾಷ್ಟ್ರದಿಂದ ವರ್ಷವಿಡೀ ಯಾತ್ರಿಕರು ಬರುತ್ತಾರೆ. ಭೀಮಾ–ಅಮರಜಾ ಸಂಗಮದಲ್ಲಿ ಮಿಂದು ಹಲವು ದಿನ ಉಳಿಯುವವರೂ ಉಂಟು. ಇಷ್ಟು ದೊಡ್ಡ ಸಂತೆ ಮನೆಯ ಬಾಗಿಲಲ್ಲೇ ಇರುವಾಗ ದೂರದ ಆನ್‌ಲೈನ್ ಮಾರುಕಟ್ಟೆಯಿಂದಲೇ ಆರಂಭಿಸಬೇಕೆಂಬ ಸಲಹೆ ನನಗೆ ಒಪ್ಪಿಗೆಯಾಗುವುದಿಲ್ಲ. ಅಲ್ಲಿ ಕಮಿಷನ್ ಇದೆ, ಸಾಗಣೆಯ ವೆಚ್ಚವಿದೆ, ಹಿಂದಿರುಗಿ ಬಂದ ಸರಕಿನ ಹೊರೆಯಿದೆ. ಕೌದಿ ತೂಕದ ವಸ್ತುವೆಂಬುದನ್ನೂ ಮರೆಯಬಾರದು.

ಬೆಲೆಯ ಪ್ರಶ್ನೆಗೆ ಹೆಸರಿನ ಪ್ರಶ್ನೆಯೂ ಅಂಟಿಕೊಂಡಿದೆ. ನಮ್ಮ ಮೂರೂ ತಾಲೂಕುಗಳ ತಾಂಡಾಗಳಲ್ಲಿ ಲಂಬಾಣಿ ತಾಯಂದಿರ ಕಸೂತಿ ಇದೆ. ಕನ್ನಡಿ, ಕವಡೆ, ಗೆಜ್ಜೆ ಸೇರಿಸಿದ ಆ ಕೆಲಸದ ಅಂದ ಯಾರಿಗೂ ಹೇಳಿಕೊಡಬೇಕಾದ್ದಲ್ಲ. ಬಳ್ಳಾರಿ ಜಿಲ್ಲೆಯ ಸಂಡೂರಿನಲ್ಲಿ ಅದೇ ಕಲೆಯನ್ನು ಸಂಡೂರು ಕುಶಲ ಕಲಾ ಕೇಂದ್ರವು ಸಂಘಟಿಸಿತು. ಸಂಡೂರು ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ–20 ಸಂಸ್ಕೃತಿ ಸಭೆ ನಡೆದಾಗ ಅಲ್ಲಿನ 450ಕ್ಕೂ ಹೆಚ್ಚು ಮಹಿಳೆಯರು ಸಿದ್ಧಪಡಿಸಿದ 1,755 ಕಸೂತಿ ತುಣುಕುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ಜೇವರ್ಗಿಯ ತಾಂಡಾದ ಅಜ್ಜಿಯ ಕೈ ಸಂಡೂರಿನವರ ಕೈಗಿಂತ ಕಡಿಮೆಯಲ್ಲ. ಆದರೆ ಸಂಡೂರಿನ ಹೆಸರಿನಲ್ಲಿ ಆಕೆ ಮಾರುವಂತಿಲ್ಲ, ಏಕೆಂದರೆ ಆ ಮಾನ್ಯತೆ ಆ ಪ್ರದೇಶಕ್ಕೆ ಸೇರಿದ್ದು. ತನ್ನ ಊರಿನ ಹೆಸರನ್ನು ಆಕೆ ತಾನೇ ಕಟ್ಟಬೇಕು, ಅದು ಒಂಟಿಯಾಗಿ ಆಗುವ ಕೆಲಸವಲ್ಲ.

ಹೆಸರು ಕಟ್ಟುವುದು ನಮ್ಮ ಜಿಲ್ಲೆಗೆ ಹೊಸದೇನೂ ಅಲ್ಲ. ಜೋಳದ ರೊಟ್ಟಿಯನ್ನು ಯಾರು ಉದ್ಯಮವೆಂದು ಎಣಿಸಿದ್ದರು? ಜಿಲ್ಲಾಡಳಿತದ ಒತ್ತಾಸೆಯಿಂದ ಸ್ವಸಹಾಯ ಸಂಘಗಳ ಮಹಿಳೆಯರು ‘ಕಲಬುರಗಿ ರೊಟ್ಟಿ’ ಎಂಬ ಒಂದೇ ಹೆಸರಿನಡಿ ಮಾರತೊಡಗಿದರು. 2025ರ ಜೂನ್ ತಿಂಗಳ ‘ಮನದ ಮಾತು’ ಬಾನುಲಿ ಭಾಷಣದಲ್ಲಿ ಪ್ರಧಾನಮಂತ್ರಿಗಳು ಅದನ್ನು ಪ್ರಸ್ತಾಪಿಸಿದರು. ರೊಟ್ಟಿ ಎಲ್ಲರ ಮನೆಯಲ್ಲೂ ಇತ್ತು. ಒಂದೇ ಅಳತೆ, ಒಂದೇ ಪೊಟ್ಟಣ, ಒಂದೇ ಹೆಸರು ಇರಲಿಲ್ಲ. ಕೌದಿಗೂ ಈಗ ಇಲ್ಲದಿರುವುದು ಅದೇ.

ದೂರದ ಒಂದು ಉದಾಹರಣೆಯನ್ನೂ ಹೇಳಬೇಕು. ಅಮೆರಿಕದ ಅಲಬಾಮ ರಾಜ್ಯದಲ್ಲಿ ನದಿಯ ತಿರುವಿನಲ್ಲಿ ಗೀಸ್ ಬೆಂಡ್ ಎಂಬ ಬಡ ಹಳ್ಳಿಯಿದೆ. ಅಲ್ಲಿನ ಕಪ್ಪು ಸಮುದಾಯದ ಮಹಿಳೆಯರು ಹರಿದ ಕೆಲಸದ ಬಟ್ಟೆಗಳಿಂದ ನಮ್ಮ ಕೌದಿಯಂಥದ್ದನ್ನೇ ತಲೆಮಾರುಗಳಿಂದ ಹೊಲಿಯುತ್ತಿದ್ದರು. 1966ರಲ್ಲಿ ಆ ಸುತ್ತಿನ ಮಹಿಳೆಯರು ಫ್ರೀಡಂ ಕ್ವಿಲ್ಟಿಂಗ್ ಬೀ ಎಂಬ ಸಹಕಾರ ಸಂಘ ಕಟ್ಟಿಕೊಂಡರು. 2002ರಲ್ಲಿ ಗೀಸ್ ಬೆಂಡಿನ ಕೌದಿಗಳು ನ್ಯೂಯಾರ್ಕಿನ ವಿಟ್ನಿ ವಸ್ತುಸಂಗ್ರಹಾಲಯದ ಗೋಡೆಯೇರಿದವು. ಆದರೆ ಅವುಗಳಿಂದ ಬಂದ ಹಣದಲ್ಲಿ ಹೊಲಿದವರಿಗೆ ಸಲ್ಲಬೇಕಾದದ್ದು ಸಂದಿತೇ ಎಂಬ ತಕರಾರು ಮುಂದೆ ನ್ಯಾಯಾಲಯದವರೆಗೆ ಹೋಯಿತು. ಕೀರ್ತಿ ಬಂದ ಕೂಡಲೇ ಹಣವೂ ಹೊಲಿದವರ ಕೈಗೇ ಬರುತ್ತದೆಂದು ಭಾವಿಸಬಾರದು. ಸಂಘದ ಪುಸ್ತಕದಲ್ಲಿ ಯಾರು ಏನು ಹೊಲಿದರು, ಎಷ್ಟಕ್ಕೆ ಹೋಯಿತು, ಅವರಿಗೆ ಎಷ್ಟು ಸಂದಿತು ಎಂಬ ಮೂರು ಕಲಮುಗಳು ಮೊದಲ ದಿನದಿಂದಲೇ ಇರಬೇಕು.

ಇನ್ನು, ಬೆಲೆ ಕೇಳಲು ನಾಚುವುದು. ಅಕ್ಕನ ಮಗಳಿಗೆ, ನೆರೆಯವರಿಗೆ ಹೊಲಿದುಕೊಡುವಾಗ ಹಣದ ಮಾತೆತ್ತುವುದು ಹೇಗೆ ಎಂಬ ಸಂಕೋಚ ಸಹಜವೇ. ಕೆಲವರು ಆಯ್ದಕ್ಕಿ ಲಕ್ಕಮ್ಮನವರ ಪ್ರಸಂಗವನ್ನು ಮುಂದಿಡುತ್ತಾರೆ. ಮಾರಯ್ಯನವರು ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಆಕೆ ಅದನ್ನು ಹಿಂದಿರುಗಿಸಿ ಬರುವಂತೆ ಹೇಳಿದ ಪ್ರಸಂಗವದು. ಅದು ಅಧಿಕವನ್ನು ನಿರಾಕರಿಸಿದ ಕತೆ. ಸಲ್ಲಬೇಕಾದ ಕೂಲಿಯನ್ನು ಬಿಟ್ಟುಕೊಟ್ಟ ಕತೆಯಲ್ಲ. ನುಲಿಯ ಚಂದಯ್ಯನವರು ಹಗ್ಗ ಹೊಸೆದು ಮಾರಿಯೇ ದಾಸೋಹ ನಡೆಸಿದರು. ಕದಿರೆ ರೆಮ್ಮವ್ವೆಯವರ ಕಾಯಕ ನೂಲುವುದು. ಮಾರಾಟವೇ ಕಾಯಕಕ್ಕೆ ಕುಂದು ಎಂಬ ಭಾವನೆಗೆ ಶರಣರ ಬಾಳಿನಲ್ಲಿ ಆಧಾರ ಕಾಣದು. ಉಡುಗೊರೆಯಾಗಿ ಕೊಡುವುದನ್ನು ಉಡುಗೊರೆಯೆಂದೇ ಬರೆದಿಡಿ, ಅದಕ್ಕೂ ಹಿಡಿದ ಗಂಟೆಗಳನ್ನು ಪಕ್ಕದಲ್ಲಿ ನಮೂದಿಸಿ. ವರ್ಷಕ್ಕೆ ಎಷ್ಟು ದಿನ ದಾನವಾಯಿತು, ಎಷ್ಟು ದಿನ ದುಡಿಮೆಯಾಯಿತು ಎಂಬುದು ಮನೆಯವರಿಗೂ ತಿಳಿಯಲಿ. ಮನೆಯ ಗಂಡಸರೂ ಆ ಪುಟವನ್ನು ಒಮ್ಮೆ ಓದುವುದು ಒಳ್ಳೆಯದು.

ಕಾಗದಪತ್ರಗಳ ವಿಷಯ ಹೆಚ್ಚಿಲ್ಲ. ಉದ್ಯಮ್ ನೋಂದಣಿಯನ್ನು ಆಧಾರ್ ಮೂಲಕ ಆನ್‌ಲೈನಿನಲ್ಲಿ ಉಚಿತವಾಗಿ ಮಾಡಿಕೊಳ್ಳಬಹುದು. ಅದಕ್ಕೆ ಶುಲ್ಕ ಕೇಳುವ ದಲ್ಲಾಳಿಗಳನ್ನು ನಂಬಬೇಡಿ. ರಾಜ್ಯದೊಳಗೇ ಸರಕು ಮಾರುವವರಿಗೆ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ಮೀರುವವರೆಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ಸೊಲ್ಲಾಪುರಕ್ಕೋ ಪುಣೆಗೋ ನಿಯಮಿತವಾಗಿ ಕಳಿಸುವುದಾದರೆ ಮಾತ್ರ ತೆರಿಗೆ ಬಲ್ಲವರನ್ನು ಮೊದಲೇ ವಿಚಾರಿಸಿ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕೌದಿಯ ಹೆಸರಿಲ್ಲ, ದರ್ಜಿ ಕೆಲಸವಿದೆ. ಹೊಲಿಗೆಯನ್ನೇ ಕಸುಬಾಗಿಸಿಕೊಂಡವರು ಆ ಅಡಿಯಲ್ಲಿ ಅರ್ಜಿ ಹಾಕಬಹುದು. ತರಬೇತಿಯ ದಿನಗಳಿಗೆ 500 ರೂಪಾಯಿ ಭತ್ಯೆ, ಉಪಕರಣಕ್ಕೆ 15,000 ರೂಪಾಯಿ, ಮೊದಲ ಕಂತಿನಲ್ಲಿ ಶೇ. 5ರ ಬಡ್ಡಿಗೆ 1 ಲಕ್ಷದವರೆಗೆ ಸಾಲ ಅದರಲ್ಲಿವೆ. ಒಂದು ಕುಟುಂಬಕ್ಕೆ ಒಬ್ಬರಿಗೆ ಮಾತ್ರ ಅವಕಾಶ. ಈಗಾಗಲೇ ಮುದ್ರಾ ಸಾಲ ಪಡೆದು ತೀರಿಸದವರಿಗೆ ಇದು ಸಿಗುವುದಿಲ್ಲವಾದ್ದರಿಂದ, ಯಾವುದನ್ನು ಮೊದಲು ಪಡೆಯಬೇಕೆಂದು ಯೋಚಿಸಿ ಹೆಜ್ಜೆಯಿಡಿ. ಬಂದ ಹಣದಿಂದಲೇ ಮುಂದಿನ ದಾರ ಕೊಳ್ಳುವಂತಿದ್ದರೆ ಮೊದಲ ವರ್ಷ ಸಾಲವೇ ಬೇಡ ಎಂಬುದು ನನ್ನ ಅಭಿಪ್ರಾಯ.

ಕೊನೆಯದಾಗಿ ಕಾಲದ ಲೆಕ್ಕ. ಮುಂಗಾರಿನಲ್ಲಿ ಬಿತ್ತನೆ, ಡಿಸೆಂಬರ್–ಜನವರಿಯಲ್ಲಿ ತೊಗರಿಯ ರಾಶಿ, ಆಗ ನಮ್ಮ ತಾಯಂದಿರ ಕೈಗೆ ಬಿಡುವಿಲ್ಲ. ಆ ತಿಂಗಳುಗಳಿಗೆ ಮುಗಿಸಿಕೊಡುವ ಮಾತು ಕೊಡಬಾರದು. ಕೊಳ್ಳುವವರು ಬರುವುದಾದರೋ ಚಳಿ ಹತ್ತಿರವಾದಾಗ, ಮಾರ್ಗಶಿರದ ಹುಣ್ಣಿಮೆಗೆ ಗಾಣಗಾಪುರದಲ್ಲಿ ದತ್ತ ಜಯಂತಿ ಕೂಡಿದಾಗ. ಎಂದರೆ ಬೇಸಿಗೆಯ ಬಿಸಿಲಿನಲ್ಲಿ ಬಟ್ಟೆ ಒಗೆದು ಒಣಗಿಸಿ, ಚೈತ್ರ–ವೈಶಾಖದ ಉದ್ದನೆಯ ಮಧ್ಯಾಹ್ನಗಳಲ್ಲಿ ದೊಡ್ಡ ಕೌದಿಗಳನ್ನು ಮುಗಿಸಿ, ಶ್ರಾವಣದಿಂದಾಚೆಗೆ ಸಣ್ಣ ವಸ್ತುಗಳನ್ನು ಹೊಲಿಯಬೇಕು. ಮಾಡಿದ ಕೆಲಸದ ಹಣ ಕೈಗೆ ಬರಲು ಆರೇಳು ತಿಂಗಳು ಹಿಡಿಯುತ್ತದೆ. ಆ ನಡುವಿನ ಮನೆಖರ್ಚಿಗೆ ಕೌದಿಯನ್ನು ನೆಚ್ಚಿಕೊಳ್ಳದೆ, ಸೀರೆ ತಂದುಕೊಟ್ಟು ಹೊಲಿಸಿಕೊಳ್ಳುವವರ ಮುಂಗಡವನ್ನು ಆ ಅವಧಿಗೆ ಕಾಯ್ದಿರಿಸಿಕೊಳ್ಳುವುದು ಒಳಿತು.